ಮಾತು ಬಿಟ್ಟವರ ಮೇಜು

ನಮ್ಮ ಆಫೀಸಿನಲ್ಲಿ ಇಬ್ಬರು ಜಗಳವಾಡಿ ಮಾತು ಬಿಟ್ಟರೆ ಸಂತೋಷಪಡುತ್ತಿದ್ದ ಮನುಷ್ಯ ಒಬ್ಬರೇ ಒಬ್ಬರಿದ್ದರು. ಅವರು ನಮ್ಮ ಹೆಡ್ ಅಕೌಂಟೆಂಟ್. ಯಾರೋ ಯಾರಿಗೋ ಏನೋ ಅಂದರಂತೆ, ಇನ್ನು ಮುಖ ನೋಡುವುದಿಲ್ಲವಂತೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಕನ್ನಡಕ ತೆಗೆದು ಒರೆಸಿಕೊಂಡು, "ಹೌದಾ? ಸರಿ. ನಾಳೆಯಿಂದ ಇಬ್ರೂ ಒಂದೇ ಮೇಜಿಗೆ ಬನ್ನಿ" ಅನ್ನುತ್ತಿದ್ದರು. ಮಾರನೆಯ ದಿನ ಆ ಇಬ್ಬರೂ ಎದುರುಬದುರು ಕೂತು ಲೆಕ್ಕ ತಾಳೆ ನೋಡಬೇಕು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಯಾವ ಕಾಗದದಲ್ಲಿ ಕಂಡರೂ "ಇದು ಇಲ್ಲಿ ಯಾಕಿದೆ?" ಎಂದು ಕೇಳುತ್ತಿದ್ದವರು. ಈಗ ಅವರಿಲ್ಲ. ಇದ್ದಿದ್ದರೆ ಇಷ್ಟನ್ನೂ ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಮಾತು. ಮೈಸೂರಿನ ಸುತ್ತಲಿನ ಹೊಲಗಳಿಗೆಲ್ಲ ಗೂಟ ಹೊಡೆದು ಬಡಾವಣೆ ಮಾಡುತ್ತಿದ್ದ ಕಾಲ. ಶಿವರಾಂಪೇಟೆಯ ಹಳೇ ಕಟ್ಟಡವೊಂದರ ಮಹಡಿಯಲ್ಲಿ ನಮ್ಮದೊಂದು ಗೃಹ ನಿರ್ಮಾಣ ಸಹಕಾರ ಸಂಘ. ಸದಸ್ಯರು ತಿಂಗಳಿಗಿಷ್ಟು ಅಂತ ಕಂತು ಕಟ್ಟುತ್ತಾ ಹೋಗಬೇಕು, ಸಂಘ ಜಮೀನು ಕೊಂಡು ಜ್ಯೇಷ್ಠತೆ ಪ್ರಕಾರ ಸೈಟು ಹಂಚಬೇಕು. ಸತತ ಮೂರು ಕಂತು ತಪ್ಪಿದರೆ ಜ್ಯೇಷ್ಠತೆ ಹೋಯಿತು, ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು. ನಾನು ಕುಂಬಾರಕೊಪ್ಪಲಿನಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ತಾತ್ಕಾಲಿಕ ಗುಮಾಸ್ತೆ. ರಸೀದಿ ನೋಡಿ ಲೆಡ್ಜರಿಗೆ ಏರಿಸುವುದು ನನ್ನ ಕೆಲಸ.

ಲೆಕ್ಕದ ಕೆಲಸಕ್ಕೆ ಎಂಥ ಸ್ವಭಾವದವರು ಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ತಾಳ್ಮೆ ಇರಬೇಕು, ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗಬೇಕು ಅನ್ನುತ್ತಾರೆ. ನಮ್ಮ ಹೆಡ್ ಅಕೌಂಟೆಂಟರಿಗೆ ಎರಡೂ ಇರಲಿಲ್ಲ. ಮೂಗಿನ ತುದಿಯಲ್ಲಿ ಕೋಪ. ಮದುವೆ, ನಾಮಕರಣ ಅಂತ ಯಾರು ಕರೆದರೂ ಹೋಗುತ್ತಿರಲಿಲ್ಲ. ಆಯುಧಪೂಜೆಯ ದಿನ ಕೂಡ ಎಲ್ಲರ ಜೊತೆ ಕೂತು ಪುರಿ ತಿನ್ನದೆ, ಫ್ಲಾಸ್ಕಿನಲ್ಲಿ ಮನೆಯಿಂದ ತಂದ ಕಾಫಿಯನ್ನು ಕಿಟಕಿ ಹತ್ತಿರ ನಿಂತು ಒಬ್ಬರೇ ಕುಡಿಯುತ್ತಿದ್ದರು. ನಮ್ಮ ಸೆಕ್ರೆಟರಿ ಇದಕ್ಕೆ ತದ್ವಿರುದ್ಧ. ಬಾಯಿ ತೆರೆದರೆ ಬೆಣ್ಣೆ. ಒಮ್ಮೆ ಸಭೆಯಲ್ಲಿ ಅವರು, "ನಾವೆಲ್ಲ ಒಂದೇ ಕುಟುಂಬ ಇದ್ದಹಾಗೆ ಅಲ್ವೇನ್ರೀ" ಅಂದಾಗ ಇವರು ಕೂತಲ್ಲಿಂದಲೇ, "ಕುಟುಂಬದಲ್ಲೇ ಸ್ವಾಮಿ ಜಾಸ್ತಿ ಲೆಕ್ಕ ತಪ್ಪೋದು" ಅಂದುಬಿಟ್ಟರು. ಯಾರೂ ನಗಲಿಲ್ಲ.

ತಾಳೆ ನೋಡುವುದು ಅಂದರೆ ಹೀಗೆ. ಒಬ್ಬರು ಲೆಡ್ಜರ್ ಮುಂದಿಟ್ಟುಕೊಂಡು ಸದಸ್ಯ ಸಂಖ್ಯೆ, ಹೆಸರು, ಎಷ್ಟು ಕಂತು ಅಂತ ಗಟ್ಟಿಯಾಗಿ ಓದಬೇಕು. ಎದುರಿಗಿದ್ದವರು ರಸೀದಿ ಪುಸ್ತಕದಲ್ಲಿ ಉಳಿದ ಕಾರ್ಬನ್ ಪ್ರತಿಯಲ್ಲಿ ಅದನ್ನೇ ಕಣ್ಣಾರೆ ಕಂಡು ಕೆಂಪು ಪೆನ್ಸಿಲಿನಲ್ಲಿ ಟಿಕ್ ಹಾಕಬೇಕು. ಒಬ್ಬರ ದುಡ್ಡು ಇನ್ನೊಬ್ಬರ ಪುಟದಲ್ಲಿ ಕೂತರೆ ತಿಂಗಳ ಮೊತ್ತ ಕೂಡಿದಾಗ ಅದು ಗೊತ್ತೇ ಆಗುವುದಿಲ್ಲ, ಮೊತ್ತ ಅಷ್ಟೇ ಇರುತ್ತದೆ. ಅದನ್ನು ಹಿಡಿಯುವುದು ಈ ಟಿಕ್ ಒಂದೇ. ಇವರ ಸಿದ್ಧಾಂತವೂ ಇಲ್ಲೇ ಇತ್ತು: "ಚೆನ್ನಾಗಿರೋರು ಇಬ್ರು ಕೂತ್ರೆ ಕಿವೀಲಿ ಟಿಕ್ ಹಾಕ್ತಾರೆ ಕಣಮ್ಮ. ಆಗದೇ ಇರೋರು ಕೂತ್ರೆ ಕಣ್ಣಲ್ಲಿ ಹಾಕ್ತಾರೆ. ಅವ್ಳು ಎಲ್ಲಿ ತಪ್ತಾಳೆ ಅಂತ ಕಾಯ್ತಾ ಇರ್ತಾರೆ ನೋಡು."

ಹಾಗೆ ಅವರು ನನ್ನೆದುರು ಕೂರಿಸಿದ್ದು ಸರೋಜಳನ್ನು. ಅಶೋಕಪುರದಿಂದ ಬರುತ್ತಿದ್ದಳು, ಅವಳೂ ತಾತ್ಕಾಲಿಕ. ಖಾಯಂ ಹುದ್ದೆ ಇದ್ದದ್ದು ಒಂದೇ. ಅದಕ್ಕೆ ನಾವಿಬ್ಬರು. ಜಗಳ ಹುಟ್ಟಲು ಇನ್ನೇನು ಬೇಕು? ಫ್ಯಾನು ಹಾಕಿದರೆ ಜಗಳ, ತೆಗೆದರೆ ಜಗಳ. ಎಣ್ಣೆ ಸೀಗೇಕಾಯಿ ಅಂತ ಆಫೀಸಿನವರೆಲ್ಲ ನಮ್ಮನ್ನು ಆಡಿಕೊಳ್ಳುತ್ತಿದ್ದರು. ಒಂದು ವರ್ಷ ನಾವು ಅಂಕಿ ಬಿಟ್ಟು ಬೇರೆ ಮಾತೇ ಆಡಲಿಲ್ಲ. ನಾನು ಒಂದಂಕಿ ತಪ್ಪಿದರೆ ಅವಳ ಮುಖದಲ್ಲಿ ದೀಪ ಹತ್ತುತ್ತಿತ್ತು, ನನಗೂ ಅಷ್ಟೇ. ನಿಜ ಹೇಳಬೇಕು, ಆ ವರ್ಷ ನಮ್ಮ ಲೆಡ್ಜರಿನಲ್ಲಿ ಒಂದು ತಪ್ಪೂ ಉಳಿಯಲಿಲ್ಲ.

ಆಮೇಲೆ ಒಂದು ಶ್ರಾವಣದಲ್ಲಿ ನಮ್ಮಮ್ಮನನ್ನು ದೊಡ್ಡಾಸ್ಪತ್ರೆಗೆ ಸೇರಿಸಬೇಕಾಯಿತು. ಮೂರನೆಯ ದಿನ ಸಂಜೆ ವಾರ್ಡಿನ ಬಾಗಿಲಲ್ಲಿ ಸರೋಜ ನಿಂತಿದ್ದಳು, ಕೈಯಲ್ಲಿ ಟಿಫನ್ ಕ್ಯಾರಿಯರ್. "ನಿಮ್ಗಲ್ಲ, ಅಮ್ಮನಿಗೆ" ಅಂದಳು. ಮೆಣಸಿನ ಸಾರು, ಮೆತ್ತನೆಯ ಅನ್ನ. ಎಂಟು ದಿನ ತಪ್ಪದೆ ತಂದಳು. ಎಂಟನೆಯ ದಿನಕ್ಕೆ ನಾವು 'ನೀವು' ಬಿಟ್ಟು 'ನೀನು' ಅನ್ನುವಷ್ಟಾಗಿದ್ದೆವು.

ಆಫೀಸಿನಲ್ಲಿ ಮಾತ್ರ ಹೇಳಲಿಲ್ಲ. ಹೇಳಿದರೆ ಹೆಡ್ ಅಕೌಂಟೆಂಟರು ಮೇಜು ಬದಲಿಸುತ್ತಾರೆ ಎಂಬ ಭಯ. ಅವರು ಬಾಗಿಲಲ್ಲಿ ಕಂಡರೆ ಸರೋಜ, "ಸ್ವಲ್ಪ ಬಾಯಿ ಬಿಟ್ಟು ಓದ್ರೀ" ಎಂದು ಗದರುವಳು, ನಾನು ಮುಖ ಗಂಟಿಕ್ಕುವೆ. ಅವರು ತೃಪ್ತಿಯಿಂದ ತಲೆಯಾಡಿಸಿ ಹೋಗುವರು. ಬೆನ್ನು ತಿರುಗಿತೋ, ನಾವಿಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಗುವುದು. ಅಷ್ಟು ಅನುಮಾನದ ಮನುಷ್ಯನನ್ನು ಏಮಾರಿಸಿದೆವೆಂಬ ಜಂಬ ಬೇರೆ ನಮಗೆ.

ಹೊಸ ಬಡಾವಣೆಯ ನಲವತ್ತು ಸೈಟುಗಳ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದದ್ದು ಮುಂದಿನ ಫಾಲ್ಗುಣದಲ್ಲಿ. ಅದೇ ದಿನ ಸಂಜೆ ಐದಕ್ಕೆ ನಿರ್ದೇಶಕರ ಸಭೆ. ಅಲ್ಲಿ ಪಾಸಾದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಾಗುವುದಿಲ್ಲ. ಮೂರು ಗಂಟೆಯ ಹೊತ್ತಿಗೆ ಪುಟ್ಟಮ್ಮ ಎಂಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವವರು, ಐವತ್ತು ದಾಟಿತ್ತು. ನೇರ ಹೆಡ್ ಅಕೌಂಟೆಂಟರ ಮೇಜಿನ ಮುಂದೆ ಬಂದು ನಿಂತರು.

"ನನ್ನೆಸರೇ ಇಲ್ವಲ್ಲ ಸ್ವಾಮಿ ಪಟ್ಟೀಲಿ."

ಅವರು ಲೆಡ್ಜರ್ ತೆಗೆದು ನಾನೂರ ಹದಿನೇಳನೆಯ ಪುಟ ತೋರಿಸಿದರು. "ಹೋದ ವರ್ಷ ಮೂರು ಕಂತು ಬಂದಿಲ್ಲ ಕಣಮ್ಮ. ನಿಯಮ ಗೊತ್ತಲ್ಲ ನಿಮ್ಗೆ."

"ಕಟ್ಟಿವ್ನಿ ಸ್ವಾಮಿ. ಗೌರಿ ಅಬ್ಬಕ್ಕೆ ಎಲ್ಡು ದಿನ ಮುಂಚೆ ಮೂರೂ ಒಟ್ಗೆ ಕಟ್ಬುಟ್ಟೆ. ಅಬ್ಬಕ್ಕೆ ಸೀರೆ ತಕೊಳ್ಳದೆ ಕಟ್ದೆ, ಅದ್ಕೇ ಗೆಪ್ತಿ ಐತೆ."

"ರಸೀದಿ?"

"ಮನೆ ಬದ್ಲಾಯಿಸ್ದಾಗ ಎಲ್ಲೋ ಕಳ್ದೋಯ್ತು. ಒಂಬತ್ತು ವರ್ಸದಿಂದ ಕಟ್ತಾ ಇವ್ನಿ, ಒಂದು ಸುಳ್ಳು ಏಳ್ದೋಳಲ್ಲ."

ಅವರು ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು. ನಿಧಾನಕ್ಕೆ ಬಿಡಿಸಿ ಹೇಳಿದರು: "ಆ ತಿಂಗಳ ಒಂದೊಂದು ರಸೀದೀನೂ ತಾಳೆ ನೋಡಿ ಮುಗ್ಸಿದಾರೆ. ನಿಮ್ಮ ದುಡ್ಡು ಬಂದಿದ್ರೆ ನಿಮ್ಮ ಪುಟಕ್ಕೆ ಬಂದೇ ಇರ್ತಿತ್ತು. ನೋಡ್ದೋರು ಯಾರು ಗೊತ್ತಾ? ಅಲ್ಲಿ ಕೂತಿದಾರಲ್ಲ, ಆ ಇಬ್ರು. ಒಬ್ರ ತಪ್ಪು ಇನ್ನೊಬ್ರು ಬಿಡೋರಲ್ಲ."

ಪುಟ್ಟಮ್ಮ ನಮ್ಮ ಕಡೆ ತಿರುಗಿದರು.

ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ. ಆ ದಿನದ ರಸೀದಿಗಳನ್ನು ತಾಳೆ ನೋಡಿದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿತ್ತು. ಸರೋಜ ತನ್ನ ಓರಗಿತ್ತಿ ಹಬ್ಬದ ಸೀರೆಗೆ ಮಾಡಿದ ರಂಪವನ್ನು ಅಭಿನಯಿಸಿ ತೋರಿಸುತ್ತಿದ್ದಳು. ನಾನು ನಗು ತಡೆದುಕೊಂಡು ಒಂದೇ ಉಸಿರಿಗೆ ಓದುತ್ತಿದ್ದೆ, ಅವಳು ನನ್ನ ಮುಖ ನೋಡಿಕೊಂಡು ಟಿಕ್ ಹಾಕುತ್ತಿದ್ದಳು. ಕಣ್ಣಿನಲ್ಲಿ ಅಲ್ಲ, ಕಿವಿಯಲ್ಲಿ. ಆ ಪುಸ್ತಕದಲ್ಲಿ ಏನು ಬೇಕಾದರೂ ಇರಬಹುದಿತ್ತು.

ಮೇಜಿನ ಕೆಳಗೆ ಸರೋಜಳ ಕಾಲು ನನ್ನ ಕಾಲನ್ನು ಒತ್ತಿತು. ಅವಳಿಗೂ ನೆನಪಾಗಿದೆ ಎಂದು ಗೊತ್ತಾಯಿತು. ಸುಮ್ಮನಿರು ಎಂದು ಅದರ ಅರ್ಥ. ಮುಂದಿನ ತಿಂಗಳು ಖಾಯಂ ಹುದ್ದೆಯ ತೀರ್ಮಾನ ಆಗುವುದಿತ್ತು. ಅವಳ ಗಂಡ ಕಾರ್ಖಾನೆ ಕೆಲಸ ಕಳೆದುಕೊಂಡು ನಾಲ್ಕು ತಿಂಗಳಾಗಿತ್ತು. ಅದು ನನ್ನೊಬ್ಬಳಿಗೆ ಗೊತ್ತಿದ್ದ ಸಂಗತಿ, ಆಫೀಸಿನಲ್ಲಿ ಆಕೆ ಗಂಡ ಕೆಲಸಕ್ಕೆ ಹೋಗುತ್ತಿದ್ದಾರೆ ಎಂದೇ ನಂಬಿಸಿದ್ದಳು.

ಪುಟ್ಟಮ್ಮ ಹೋಗಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಅಳಲಿಲ್ಲ. ನಾನು ಎದ್ದು ಹೆಡ್ ಅಕೌಂಟೆಂಟರ ಮೇಜಿನ ಬಳಿ ಹೋದೆ. ಗಡಿಯಾರದಲ್ಲಿ ಮೂರೂವರೆ.

"ಸರ್, ಆ ತಿಂಗಳ ರಸೀದಿ ಪುಸ್ತಕ ಒಂದ್ಸಲ ನೋಡ್ಬಹುದಾ?"

"ಯಾಕೆ?"

"ಸುಮ್ನೆ, ಇನ್ನೊಂದ್ಸಲ."

"ಬಂದೋರೆಲ್ಲ ಕಟ್ಟಿದೀನಿ ಅಂತಾರೆ. ಅದಕ್ಕೆಲ್ಲ ಪುಸ್ತಕ ಬಿಚ್ತಾ ಕೂತ್ರೆ ತಾಳೆ ನೋಡೋದು ಯಾಕಮ್ಮ? ನಿನ್ನ ತಪ್ಪು ಅವ್ಳು ಬಿಡ್ತಾಳಾ?"

ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗಾಯಿತು ನನಗೆ. ಅವರ ನಂಬಿಕೆಯೆಲ್ಲ ನಿಂತಿದ್ದದ್ದು ನಮ್ಮ ಜಗಳದ ಮೇಲೆ. ಆ ಜಗಳ ಸುಳ್ಳು ಎಂದು ಹೇಳದ ಹೊರತು ಅವರು ಬೀರು ತೆರೆಯುವವರಲ್ಲ. ಬೀಗದ ಕೈ ಅವರ ಜೇಬಿನಲ್ಲಿತ್ತು.

"ಬಿಡ್ತಾಳೆ ಸರ್," ಅಂದೆ. "ನಾವಿಬ್ರು ಮಾತಾಡ್ತೀವಿ."

"ಏನಂದೆ?"

"ನಾನೂ ಸರೋಜನೂ ಸರ್. ಚೆನ್ನಾಗಿದೀವಿ. ಹೋದ ಶ್ರಾವಣದಿಂದ. ಜಗಳ ಆಡೋ ಹಾಗೆ ನಟಿಸ್ತಿದ್ವಿ."

ಅವರ ಮುಖ ಆಗ ಹೇಗಾಯಿತು ಅಂದರೆ, ನಾನು ಕಳ್ಳತನ ಒಪ್ಪಿಕೊಂಡಿದ್ದರೂ ಹಾಗಾಗುತ್ತಿರಲಿಲ್ಲ. ಪೆನ್ನು ಕೆಳಗಿಟ್ಟು ಸರೋಜಳನ್ನು ಕರೆದರು. ಬಂದು ನಿಂತಳು.

"ಹೌದೇನಮ್ಮ?"

"ಇಲ್ಲ ಸರ್," ಅಂದಳು ಸರೋಜ. "ನಂಗೂ ಅವ್ರಿಗೂ ಮಾತಿಲ್ಲ. ಯಾಕೆ ಹಿಂಗೆ ಹೇಳ್ತಿದಾರೋ ಗೊತ್ತಿಲ್ಲ. ಪೋಸ್ಟು ನಂಗೆ ಸಿಕ್ಬುಡತ್ತೆ ಅಂತ ಇರ್ಬೇಕು."

ಅವರು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ನನಗೆ ಹೇಳಿದರು, "ಬಾಯಲ್ಲಿ ಅಂದ್ರೆ ಆಗಲ್ಲ. ಸ್ನೇಹಿತೆ ಅಂತೀಯಲ್ಲ, ಸ್ನೇಹಿತೆಗೆ ಮಾತ್ರ ಗೊತ್ತಿರೋ ಅಂಥದ್ದು ಒಂದು ಹೇಳು."

ಆ ಗಳಿಗೆ ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಹಾಗೆ ಕೇಳಬಾರದಿತ್ತು. ನಾನೂ ಹೇಳಬಾರದಿತ್ತು. ಬೇರೆ ಏನಾದರೂ, ಅವಳ ಮಗುವಿನ ಮುದ್ದಿನ ಹೆಸರೋ, ಅವಳತ್ತೆಯ ಕಾಯಿಲೆಯೋ, ಯಾವುದಾದರೂ ನೆನಪಾಗಬಹುದಿತ್ತು. ಬೆಂಚಿನ ಮೇಲೆ ಪುಟ್ಟಮ್ಮ, ಗೋಡೆಯ ಮೇಲೆ ಗಡಿಯಾರ. ನನ್ನ ತಲೆಗೆ ಬಂದದ್ದು ಒಂದೇ ಮಾತು.

"ಇವಳ ಯಜಮಾನ್ರಿಗೆ ಕೆಲಸ ಹೋಗಿ ನಾಲ್ಕು ತಿಂಗಳಾಯ್ತು ಸರ್. ಮನೇಲಿ ಇವಳ ಸಂಬಳ ಒಂದೇ."

ಸರೋಜಳ ಮುಖ ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸುತ್ತ ನಾಲ್ಕು ಮೇಜಿನವರು ತಲೆಯೆತ್ತಿ ಕೇಳಿಸಿಕೊಂಡರು. ಅವಳು ತನ್ನ ಜಾಗಕ್ಕೆ ಹೋಗಿ ಗೋಡೆ ಕಡೆ ತಿರುಗಿ ಕೂತಳು.

ಅವರು ಬೀರು ತೆರೆದು ಆ ತಿಂಗಳ ರಸೀದಿ ಪುಸ್ತಕಗಳನ್ನು ಎತ್ತಿ ತಂದರು. ತಾವೇ ಕೆಂಪು ಪೆನ್ಸಿಲ್ ಹಿಡಿದು ಕೂತು ನನ್ನ ಮುಂದೆ ಲೆಡ್ಜರ್ ತಳ್ಳಿದರು.

"ನನ್ನ ಮೇಲೆ ಕೋಪ ಇದೆಯಾ?"

"ಇದೆ ಸರ್."

"ಹಂಗಾದ್ರೆ ಓದು."

ಓದಿದೆ. ಒಂದೊಂದು ಅಂಕಿಯನ್ನೂ ಅವರ ಮುಖಕ್ಕೆ ಎಸೆಯುವ ಹಾಗೆ ಓದಿದೆ. ಅವರೂ ಒಂದೊಂದನ್ನೂ ನನ್ನ ಕೈಯಿಂದ ಕಿತ್ತುಕೊಳ್ಳುವ ಹಾಗೆ ನೋಡಿದರು. ನಾಲ್ಕೂ ಹತ್ತಕ್ಕೆ ನಾನು, "ನಾನೂರ ಎಪ್ಪತ್ತೊಂದು, ಪುಟ್ಟಮ್ಮ, ಮೂರು ಕಂತು" ಅಂದೆ. ಅವರ ಪೆನ್ಸಿಲ್ ನಿಂತಿತು. ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಕಾರ್ಬನ್ ಪ್ರತಿಯಲ್ಲಿ ನಾನೂರ ಹದಿನೇಳು ಅಂತಿತ್ತು. ನಮ್ಮಲ್ಲಿ ಇಬ್ಬರು ಪುಟ್ಟಮ್ಮಂದಿರು. ಅಂಕಿ ಹಿಂದುಮುಂದು ಮಾಡಿ ಏರಿಸಿದ ಅಕ್ಷರ ನನ್ನದು. ಕಾರ್ಬನ್ ಪ್ರತಿಯ ಮೇಲೆ ಟಿಕ್ ಇತ್ತು, ಅದು ಸರೋಜಳದು.

ಅವರು ಪುಸ್ತಕ ಎತ್ತಿಕೊಂಡು ಸೆಕ್ರೆಟರಿಯ ಕೋಣೆಗೆ ಹೋದರು. ಮುಂದಿನದು ಗೋಡೆಯಾಚೆಯಿಂದ ಎಲ್ಲರಿಗೂ ಕೇಳಿಸಿತು. ಸೆಕ್ರೆಟರಿ, "ಪಟ್ಟಿ ಟೈಪಾಗಿ ಹೋಗಿದೆ ಕಣ್ರೀ, ಆಯಮ್ಮನ್ನ ಮುಂದಿನ ಹಂತದಲ್ಲಿ ನೋಡೋಣ, ಹೊಂದ್ಕೊಂಡು ಹೋಗಿ ಸ್ವಲ್ಪ" ಅಂದರು. ಇವರು, "ಲೆಕ್ಕದ ಕಾಗದಕ್ಕೆ ಸಹಿ ನಂದು. ಹೆಸರು ಸೇರೋವರ್ಗೂ ಹಾಕಲ್ಲ. ನಿಮ್ಮ ಡೈರೆಕ್ಟರುಗಳಿಗೆ ಕಾಫಿ ಕೊಟ್ಟು ಕೂರ್ಸಿ" ಅಂದರು. ಸಭೆ ಶುರುವಾಗುವಾಗ ಐದೂವರೆ ದಾಟಿತ್ತು. ಟೈಪ್ ಮಾಡಿದ ಹೊಸ ಪಟ್ಟಿಯಲ್ಲಿ ಪುಟ್ಟಮ್ಮನ ಹೆಸರು ಇಪ್ಪತ್ತಾರನೆಯದು. ಆಕೆ ಕೈಮುಗಿಯಲು ಬಂದಾಗ, "ತಪ್ಪು ಮಾಡಿದೋರು ನಾವು. ನಮಗ್ಯಾಕೆ ಕೈ ಮುಗೀತೀರಿ? ಮನೆಗೆ ಹೋಗಿ" ಎಂದು ಗದರಿ ಕಳಿಸಿದರು.

ಏಳು ತಿಂಗಳ ತಾಳೆಯನ್ನು ಅವರು ಮತ್ತೆ ಮೊದಲಿಂದ ಮಾಡಿಸಿದರು. ಖಾಯಂ ಹುದ್ದೆಗೆ ಶಿಫಾರಸು ಬರೆಯುವ ದಿನ ನನ್ನನ್ನು ಕರೆದು ಹೇಳಿದರು, "ಬರೆಯೋ ಕೈ ತಪ್ಪತ್ತೆ ಕಣಮ್ಮ. ಅದಕ್ಕೇ ಎದುರಿಗೆ ಒಂದು ಕಣ್ಣು ಇಟ್ಟಿರೋದು. ಕಣ್ಣು ತಪ್ಪಬಾರ್ದು." ಹುದ್ದೆ ನನಗೆ ಬಂತು. ತಪ್ಪು ಬರೆದವಳಿಗೆ, ಗುಟ್ಟು ಬಿಟ್ಟುಕೊಟ್ಟವಳಿಗೆ. ಬೇಡ ಅನ್ನುವಷ್ಟು ದೊಡ್ಡವಳು ನಾನಾಗಿರಲಿಲ್ಲ, ನಮ್ಮ ಮನೆಯಲ್ಲೂ ಔಷಧಿಯ ಖರ್ಚಿತ್ತು. ಸರೋಜ ಇನ್ನೂ ನಾಲ್ಕು ವರ್ಷ ತಾತ್ಕಾಲಿಕವಾಗಿಯೇ ದುಡಿದು ಆಮೇಲೆ ಖಾಯಂ ಆದಳು.

ನಾನು ಕ್ಷಮೆ ಕೇಳಲು ಹೋದಾಗ ಅವಳು ಅಂದದ್ದು ಒಂದೇ ಮಾತು: "ಪುಟ್ಟಮ್ಮಂಗೆ ಸೈಟು ಸಿಕ್ಕಿದ್ದು ಒಳ್ಳೇದಾಯ್ತು. ಅದನ್ನ ನಾನು ತಪ್ಪು ಅನ್ನಲ್ಲ. ನನ್ನ ಗಂಡನ ವಿಷಯ ನಾನು ನಿಮ್ಗೆ ಹೇಳಿದ್ದು, ಆಫೀಸಿಗಲ್ಲ." ನೀನು ಹೋಗಿ ನೀವು ಬಂದಿತ್ತು. ಅವತ್ತಿಗೆ ಮಾತು ಮುಗಿಯಿತು.

ಅವರಿಗೆ ಅದೂ ಗೊತ್ತಾಯಿತು. ಒಂದು ಸೋಮವಾರ ಬೆಳಿಗ್ಗೆ ಕನ್ನಡಕ ಒರೆಸಿಕೊಂಡು, "ಈಗ ಇಬ್ರೂ ಒಂದೇ ಮೇಜಿಗೆ ಬನ್ನಿ" ಅಂದರು. ಈ ಸಲ ನಟನೆ ಇರಲಿಲ್ಲ. ಲೆಡ್ಜರ್ ಹೋಗಿ ಕಂಪ್ಯೂಟರ್ ಬಂತು, ಆದರೂ ಅವರು ಹಾಳೆ ಪ್ರಿಂಟು ತೆಗೆಸಿ ಎದುರುಬದುರು ಕೂರಿಸುವುದನ್ನು ಬಿಡಲಿಲ್ಲ. ಹನ್ನೊಂದು ವರ್ಷ ನಾನು ಓದಿದೆ, ಅವಳು ನೋಡಿದಳು. ಆ ಹನ್ನೊಂದು ವರ್ಷದಲ್ಲಿ ನಮ್ಮ ಸಂಘದ ಒಬ್ಬರೇ ಒಬ್ಬ ಸದಸ್ಯರ ದುಡ್ಡು ಇನ್ನೊಬ್ಬರ ಪುಟಕ್ಕೆ ಹೋಗಲಿಲ್ಲ. ಲೆಕ್ಕ ಪರಿಶೋಧನೆಗೆ ಬಂದವರು ಹೊಗಳಿ ಬರೆದು ಹೋಗುತ್ತಿದ್ದರು.

ನಿವೃತ್ತಿಯ ದಿನ ಹೆಡ್ ಅಕೌಂಟೆಂಟರು ಸನ್ಮಾನ ಬೇಡ ಅಂದರು, ಹಾರ ಬೇಡ ಅಂದರು. ಬೀರುವಿನ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. ಅವರ ಜಾಗಕ್ಕೆ ನನ್ನನ್ನೇ ಹಾಕಿದ್ದರು. ಮೆಟ್ಟಿಲಿಳಿಯುವ ಮುಂಚೆ ನಿಂತು ತಿರುಗಿದರು.

"ನಿಮ್ಮಿಬ್ರನ್ನ ಹಂಗೆ ಕೂರ್ಸಿದ್ದು ಲೆಕ್ಕಕ್ಕೆ ಒಳ್ಳೇದಾಯ್ತು," ಅಂದರು. "ನಿಮ್ಗೆ ಒಳ್ಳೇದಾಗ್ಲಿಲ್ಲ. ಗೊತ್ತು ನಂಗೆ. ದಿನಾ ಎದುರಿಗೇ ಕಾಣ್ತಿತ್ತಲ್ಲ."

ನಾನು ಏನಾದರೂ ಹೇಳುವಷ್ಟರಲ್ಲಿ ಇಳಿದು ಹೋಗಿದ್ದರು. ಅಷ್ಟು ವರ್ಷ ಅದನ್ನು ಕಂಡೂ ಕೂರಿಸಿದರಲ್ಲ ಎಂದು ಮೈ ಉರಿಯಿತು. ಹಾಗೆ ಕೂರಿಸದಿದ್ದರೆ ಇನ್ನೆಷ್ಟು ಪುಟ್ಟಮ್ಮಂದಿರು ಬೆಂಚಿನ ಮೇಲೆ ಕೂರಬೇಕಿತ್ತೋ ಎಂದೂ ಅನ್ನಿಸಿತು. ಎರಡೂ ನಿಜ, ನಾನೇನು ಮಾಡಲಿ.

ಒಳಗೆ ಹೋಗಿ ಸರೋಜಳ ಮುಂದೆ ನಿಂತೆ. "ಇನ್ನು ಮೇಲೆ ಮೇಜು ಹಂಚೋದು ನಾನು," ಅಂದೆ. "ನಿಮ್ಗೆ ಬೇಡ ಅಂದ್ರೆ ನಾಳೆಯಿಂದ ಬೇರೆಯವರ ಜೊತೆ ಕೂರ್ಬಹುದು."

ಅವಳು ತಲೆಯೆತ್ತದೆ ಆ ದಿನದ ರಸೀದಿಗಳನ್ನು ಜೋಡಿಸುತ್ತಿದ್ದಳು. "ಇವತ್ತಿಂದು ಇನ್ನೂ ಆಗಿಲ್ಲ," ಅಂದಳು. "ಕೂತ್ಕೊಳ್ಳಿ."

ಕೂತು ಹಾಳೆ ಹಿಡಿದು ಓದಲು ಶುರು ಮಾಡಿದೆ. ಸಂಖ್ಯೆ, ಹೆಸರು, ಕಂತು. ಆರೇಳು ಸಾಲು ಹೋಗುವಷ್ಟರಲ್ಲಿ ಅಕ್ಷರಗಳೆಲ್ಲ ನೀರಲ್ಲಿ ಕಲಸಿದಂತಾದವು. ಆದರೂ ಓದುತ್ತಲೇ ಇದ್ದೆ. ಸರೋಜ ಪೆನ್ಸಿಲ್ ಕೆಳಗಿಟ್ಟಳು.

"ನಿಧಾನಕ್ಕೆ ಓದು," ಅಂದಳು. "ಅಳ್ತಾ ಓದಿದ್ರೆ ಅಂಕಿ ತಪ್ಪತ್ತೆ."